ಲಾನಿಗೆ ನೀರು ಬಿಡುವ ಮುನ್ನ ಬೇರಿನ ಆಳ ಅಳೆಯಿರಿ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕೈತೋಟಕ್ಕೋ ಕಾರು ತೊಳೆಯುವುದಕ್ಕೋ ಬಳಸಿದರೆ 5,000 ರೂಪಾಯಿ ದಂಡ. ಆದೇಶದ ಹಿಂದಿನ ಸಂಕಟ ಸಣ್ಣದಾಗಿರಲಿಲ್ಲ. ಈ ಊರಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ. ಅಷ್ಟು ಕಷ್ಟಪಟ್ಟು ತಂದ ನೀರನ್ನು ಹುಲ್ಲಿಗೆ ಸುರಿಯುವುದು ಸರಿಯಲ್ಲ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ ಚರ್ಚೆಯೆಲ್ಲ ನೀರು ಎಲ್ಲಿಂದ ಬರಬೇಕು ಅನ್ನುವಲ್ಲೇ ನಿಂತುಬಿಟ್ಟಿತು. ಬಂದ ನೀರು ಮಣ್ಣಿನಲ್ಲಿ ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನು ಕೇಳಿದವರು ಕಡಿಮೆ.

ಒಂದೇ ಬೀದಿ, ಒಂದೇ ಬಿಸಿಲು, ಅದೇ ಟ್ಯಾಂಕರ್ ನೀರು. ಆದರೂ ಒಂದು ಮನೆಯ ಲಾನು ಎರಡೇ ದಿನಕ್ಕೆ ಬಾಡುತ್ತದೆ, ಪಕ್ಕದ ಮನೆಯದು ವಾರ ತಡೆಯುತ್ತದೆ. ಈ ವ್ಯತ್ಯಾಸಕ್ಕೆ ಜನ ಹುಲ್ಲಿನ ತಳಿಯನ್ನು ಕಾರಣ ಮಾಡುತ್ತಾರೆ, ಗೊಬ್ಬರವನ್ನು ಕಾರಣ ಮಾಡುತ್ತಾರೆ, ನರ್ಸರಿಯವರು ಕೊಟ್ಟ ಯಾವುದೋ ಪುಡಿಯನ್ನು ಕಾರಣ ಮಾಡುತ್ತಾರೆ. ಹೆಚ್ಚಿನ ಸಲ ಕಾರಣ ಬೇರು ಎಷ್ಟು ಆಳ ಇಳಿದಿದೆ ಅನ್ನುವುದು. ಮಿಕ್ಕದ್ದೆಲ್ಲ ಅದರ ನಂತರ.

ಇದನ್ನು ನೋಡಲು ಲ್ಯಾಬು ಬೇಡ. ನೀರು ಹಾಯಿಸಿದ ಮರುದಿನ, ಲಾನಿನ ಅಂಚಿನಲ್ಲಿ ಸಲಿಕೆಯನ್ನು ನೇರವಾಗಿ ಇಳಿಸಿ, 20 ಸೆಂಟಿಮೀಟರ್ ಆಳದ ಒಂದು ಹೋಳು ಎತ್ತಿ ಪಕ್ಕಕ್ಕೆ ಮಲಗಿಸಿ. ಬೆಂಗಳೂರಿನ ಹತ್ತು ವರ್ಷ ಹಳೆಯ ಮನೆಯ ಅಂಗಳದಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಮೇಲೆ ಒಂದರಿಂದ ಎರಡು ಸೆಂಟಿಮೀಟರ್ ಒಣ ಕಾಂಡ, ಹಳೆಯ ಬೇರುಗಳ ಕಂದು ಜಡೆ. ಅದರ ಕೆಳಗೆ ಮೂರು ನಾಲ್ಕು ಸೆಂಟಿಮೀಟರ್ ಕಪ್ಪಗಿನ, ಬೇರು ತುಂಬಿದ ಮಣ್ಣು. ಆಮೇಲೆ ಒಂದು ಗೆರೆ ಎಳೆದ ಹಾಗೆ ಬಣ್ಣ ಬದಲಾಗುತ್ತದೆ. ಕೆಂಪು, ಗಟ್ಟಿ, ಉಗುರಿನಿಂದ ಕೆರೆದರೆ ಹೊಳಪು ಬರುವ ಮಣ್ಣು. ಬೇರುಗಳು ಆ ಗೆರೆಯವರೆಗೆ ಇಳಿದು ಅಡ್ಡಕ್ಕೆ ತಿರುಗಿರುತ್ತವೆ. ಇನ್ನೂ ಕೆಳಗೆ ಇಟ್ಟಿಗೆ ಚೂರು, ಸಿಮೆಂಟಿನ ಬೂದು ಹರಳು, ಕೆಲವೊಮ್ಮೆ ಗಾರೆಯ ಇಡೀ ಪದರ. ಮನೆ ಕಟ್ಟಿದವರು ಡೆಬ್ರಿಸ್ ಮೇಲೆ ಒಂದು ಲೋಡು ಕೆಮ್ಮಣ್ಣು ಹರಡಿ, ಅದರ ಮೇಲೆ ಹುಲ್ಲಿನ ಚಾಪೆ ಹಾಸಿ ಹೋಗಿರುತ್ತಾರೆ. ಹಾಸುವ ಮುನ್ನ ಆ ಮಣ್ಣಿನ ಮೇಲೆ ಮಿಕ್ಸರ್ ಗಾಡಿ, ಜಲ್ಲಿ ಲಾರಿ ಎಲ್ಲ ಓಡಾಡಿರುತ್ತವೆ.

ಬೇರು 7 ಸೆಂಟಿಮೀಟರಿಗೆ ನಿಂತಿದ್ದರೆ ಆ ಲಾನಿನ ನೀರಿನ ಹಗೇವು ಅಷ್ಟೇ ಆಳದ್ದು. ನೀವು ಎಷ್ಟೇ ಸುರಿದರೂ ಅದರಲ್ಲಿ ಹಿಡಿಯುವಷ್ಟೇ ಹಿಡಿಯುತ್ತದೆ.

ಲೆಕ್ಕ ಹಾಕೋಣ. ಬೆಂಗಳೂರಿನ ಮರಳು ಮಿಶ್ರಿತ ಕೆಂಪು ಗೋಡು ಮಣ್ಣಿನಲ್ಲಿ ಬೇರಿಗೆ ಸಿಗುವ ನೀರು ಗಾತ್ರದ ಸುಮಾರು ಶೇ. 10. ಅಂದರೆ 10 ಸೆಂಟಿಮೀಟರ್ ಮಣ್ಣಿನಲ್ಲಿ 10 ಮಿಲಿಮೀಟರ್ ನೀರು. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಏಪ್ರಿಲ್ ಬಿಸಿಲಿನಲ್ಲಿ ಗರಿಕೆಯಂಥ ಹುಲ್ಲು ದಿನಕ್ಕೆ ಸುಮಾರು 4 ಮಿಲಿಮೀಟರ್ ಹೀರುತ್ತದೆ. ಹುಲ್ಲು ಸೊರಗದಿರಬೇಕಾದರೆ ಸಂಗ್ರಹದ ಅರ್ಧ ಖರ್ಚಾಗುವಷ್ಟರಲ್ಲಿ ಮತ್ತೆ ತುಂಬಬೇಕು. 7 ಸೆಂಟಿಮೀಟರ್ ಬೇರಿಗೆ ಸಂಗ್ರಹ 7 ಮಿಲಿಮೀಟರ್, ಅರ್ಧ ಅಂದರೆ ಮೂರೂವರೆ. ಒಂದು ದಿನವೂ ಬರುವುದಿಲ್ಲ. 15 ಸೆಂಟಿಮೀಟರ್ ಆದರೆ ಎರಡು ದಿನ. ಬೇರು 25 ಸೆಂಟಿಮೀಟರಿಗೆ ಇಳಿದು, ಮಣ್ಣೂ ಸ್ವಲ್ಪ ಸುಧಾರಿಸಿ ಶೇ. 12ಕ್ಕೆ ಬಂದರೆ ಸಂಗ್ರಹ 30 ಮಿಲಿಮೀಟರ್, ಅಂತರ ನಾಲ್ಕು ದಿನಕ್ಕೆ ಹತ್ತಿರ. ಶೇ. 10ರಿಂದ 12ಕ್ಕೆ ಏರಿಸಲು ವರ್ಷಗಟ್ಟಲೆ ಗೊಬ್ಬರ ಹಾಕಬೇಕು, ಅದರಿಂದ ಸಿಗುವುದು ಐದನೇ ಒಂದು ಭಾಗ ಹೆಚ್ಚುವರಿ. ಬೇರನ್ನು 7ರಿಂದ 15ಕ್ಕೆ ಇಳಿಸಿದರೆ ಎರಡು ಪಟ್ಟು. ಅದಕ್ಕೇ ಕೆಲಸ ಅಲ್ಲಿಂದ ಶುರುವಾಗಬೇಕು.

ಒಂದು ವಿಷಯದಲ್ಲಿ ಭ್ರಮೆ ಬೇಡ. ಮಣ್ಣಿನ ಧಾರಣಶಕ್ತಿ ಹೆಚ್ಚಿದ ಮಾತ್ರಕ್ಕೆ ಹುಲ್ಲಿನ ಬಾಯಾರಿಕೆ ಕಡಿಮೆಯಾಗುವುದಿಲ್ಲ. ದಿನಕ್ಕೆ 4 ಮಿಲಿಮೀಟರ್ ಬೇಕಾದ್ದು ಬೇಕೇ. ಉಳಿತಾಯ ಆಗುವುದು ಬೇರೆ ಕಡೆ: ಸಂಜೆ ಬಂದ ಮಳೆ ಚರಂಡಿ ಸೇರುವ ಬದಲು ಒಳಗೆ ಇಳಿಯುತ್ತದೆ, ಪದೇಪದೇ ಮೇಲ್ಮೈ ಒದ್ದೆ ಮಾಡಿ ಆವಿಗೆ ಕೊಡುವುದು ತಪ್ಪುತ್ತದೆ, ಮುಂದಿನ ಮಳೆಯವರೆಗೆ ಕಾಯುವ ತಾಕತ್ತು ಬರುತ್ತದೆ. ಏಪ್ರಿಲ್‌ ಕೊನೆ, ಮೇ ತಿಂಗಳಲ್ಲಿ ಭರಣಿ, ಕೃತ್ತಿಕಾ ಮಳೆಗಳು ಗುಡುಗಿನೊಂದಿಗೆ ಬಂದು ಹೋಗುವ ನಮ್ಮ ಊರಿನಲ್ಲಿ ಇದು ದೊಡ್ಡ ಲಾಭ.

ಇನ್ನು ಈ ಮಣ್ಣಿನ ಸ್ವಭಾವ. ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರಿಗೆ ಬೆಂಗಳೂರಿನ ತಳ ಗೊತ್ತು. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅಂಥ ಶಿಲೆ ಬಿಸಿಲು ಮಳೆಗೆ ಸವೆದು ಆದದ್ದೇ ನಮ್ಮ ಕೆಮ್ಮಣ್ಣು. ಅದರಲ್ಲಿರುವ ಜೇಡಿ ಬಹುಪಾಲು ಕೆಯೊಲಿನೈಟ್ ಎಂಬ ಬಗೆಯದು. ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿಯನ್ನು, ಅಂದರೆ ಲ್ಯಾಬಿನವರು ಸಿಇಸಿ ಎಂದು ಬರೆಯುವ ಅಂಕಿಯನ್ನು, ತೆಗೆದುಕೊಂಡರೆ ಕೆಯೊಲಿನೈಟಿಗೆ 100 ಗ್ರಾಮಿಗೆ 3ರಿಂದ 15 ಮಿಲಿ ಈಕ್ವಿವಲೆಂಟ್. ವಿಜಯಪುರ, ಗದಗದ ಕಡೆಯ ಎರೆಭೂಮಿಯ ಜೇಡಿಗೆ ಅದು 80ರಿಂದ 120. ಚೆನ್ನಾಗಿ ಕೊಳೆತ ಹ್ಯೂಮಸ್‌ಗೆ 150ರಿಂದ 300. ಅಂದರೆ ನಮ್ಮ ಮಣ್ಣಿನಲ್ಲಿ ಗೊಬ್ಬರವನ್ನು ಹಿಡಿಯುವ ಕೆಲಸ ಮಾಡಬೇಕಾದದ್ದು ಜೇಡಿಯಲ್ಲ, ಸಾವಯವ ವಸ್ತು. ಅದೇ ಇಲ್ಲಿ ಕಡಿಮೆ. ಪಾಯ ತೋಡಿ ತೆಗೆದ ಕೆಳಪದರದ ಮಣ್ಣನ್ನೇ ತಂದು ಹರಡುವುದರಿಂದ ಸೈಟುಗಳಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತಲೂ ಕೆಳಗಿರುವುದು ಸಾಮಾನ್ಯ. ಈ ಮಣ್ಣಿಗೆ ಇನ್ನೊಂದು ಗುಣವಿದೆ: ಒಣಗಿದಾಗ ಕಲ್ಲಾಗುತ್ತದೆ, ಜೋರು ಮಳೆ ಬಿದ್ದಾಗ ಸಣ್ಣ ಕಣಗಳು ಮೇಲ್ಮೈಯ ರಂಧ್ರಗಳನ್ನು ಮುಚ್ಚಿ ಹೆಪ್ಪು ಕಟ್ಟುತ್ತದೆ.

ಆದ್ದರಿಂದ ಮೊದಲ ಕೆಲಸ ಬಾಗಿಲು ತೆಗೆಯುವುದು. ನೀರು ಒಳಗೆ ಹೋಗದಿದ್ದರೆ ಹಿಡಿದಿಡುವ ಮಾತೇ ಇಲ್ಲ. ಎರಡೂ ಬದಿ ಕತ್ತರಿಸಿದ, ಸುಮಾರು 15 ಸೆಂಟಿಮೀಟರ್ ವ್ಯಾಸದ ಒಂದು ಪೇಂಟ್ ಡಬ್ಬವನ್ನು 5 ಸೆಂಟಿಮೀಟರ್ ಮಣ್ಣಿನೊಳಕ್ಕೆ ಒತ್ತಿ. ಒಮ್ಮೆ ನೀರು ತುಂಬಿ ಇಂಗಲು ಬಿಡಿ. ಒಣಮಣ್ಣು ಮೊದಲ ಸಲ ಬೇಗ ಹೀರುತ್ತದೆ, ಆ ಅಂಕಿ ನಂಬಬೇಡಿ. ಎರಡನೇ ಸಲ ತುಂಬಿ, ಸ್ಕೇಲ್ ಇಟ್ಟು ಅರ್ಧ ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿಯಿತು ನೋಡಿ. 10 ಮಿಲಿಮೀಟರ್ ಕೂಡ ಇಳಿಯದಿದ್ದರೆ ನಮ್ಮ ಗುಡುಗು ಮಳೆಯ ಬಹುಪಾಲು ನಿಮ್ಮ ಲಾನಿನ ಮೇಲಿಂದ ಜಾರಿ ರಸ್ತೆಗೆ ಹೋಗುತ್ತಿದೆ. ಹಾಗೆಯೇ ಒಂದು ಉದ್ದದ ಸ್ಕ್ರೂಡ್ರೈವರ್ ಅನ್ನು ಅಂಗೈಯಿಂದ ಒತ್ತಿ. ಒದ್ದೆ ಮಣ್ಣಿನಲ್ಲೂ 10 ಸೆಂಟಿಮೀಟರ್ ಇಳಿಯಲು ಒದ್ದಾಡಿದರೆ ಬೇರೂ ಅಲ್ಲೇ ಒದ್ದಾಡುತ್ತಿದೆ.

ಬಾಗಿಲು ತೆಗೆಯುವುದು ಅಂದರೆ ಲಾನಿನ ತುಂಬ ತೂತು ಹಾಕುವುದು. ಅದಕ್ಕೆ ಸರಿಯಾದ ಕಾಲ ಮೃಗಶಿರಾ ಮಳೆ ಹಿಡಿದ ಮೇಲೆ, ಜೂನ್ ಎರಡನೇ ವಾರದಿಂದ ಜುಲೈವರೆಗೆ. ಆಗ ಗರಿಕೆ, ಮೆಕ್ಸಿಕನ್ ಹುಲ್ಲುಗಳು ಜೋರಾಗಿ ಬೆಳೆಯುತ್ತಿರುತ್ತವೆ, ಗಾಯ ಎರಡು ಮೂರು ವಾರದಲ್ಲಿ ಮುಚ್ಚುತ್ತದೆ. ಡಿಸೆಂಬರ್ ಚಳಿಯಲ್ಲಿ ಮಾಡಿದರೆ ತೂತುಗಳು ಹಾಗೇ ಬಾಯಿ ಬಿಟ್ಟುಕೊಂಡು ಒಣಗುತ್ತವೆ. ಮಣ್ಣು ಹದದಲ್ಲಿರಬೇಕು: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಕೆಸರಾಗಿರುವಾಗ ಹಾಕಿದರೆ ತೂತಿನ ಗೋಡೆ ಸವರಿದಂತೆ ನುಣುಪಾಗಿ ಮುಚ್ಚಿಕೊಳ್ಳುತ್ತದೆ, ಮಾಡಿದ ಕೆಲಸ ತಿರುಗುಬಾಣ.

ಟೊಳ್ಳು ಹಲ್ಲಿನ ಯಂತ್ರ ಬಾಡಿಗೆಗೆ ಸಿಕ್ಕರೆ ಅದೇ ಒಳ್ಳೆಯದು, ಏಕೆಂದರೆ ಅದು ಮಣ್ಣನ್ನು ಒತ್ತುವ ಬದಲು ಕೊಳವೆಯಾಕಾರದಲ್ಲಿ ಹೊರತೆಗೆಯುತ್ತದೆ. ಒಂದೂವರೆ ಸೆಂಟಿಮೀಟರ್ ಅಗಲ, 8ರಿಂದ 10 ಸೆಂಟಿಮೀಟರ್ ಆಳ, ತೂತಿನಿಂದ ತೂತಿಗೆ 5ರಿಂದ 8 ಸೆಂಟಿಮೀಟರ್. ಸಿಗದಿದ್ದರೆ ನಾಲ್ಕು ಹಲ್ಲಿನ ಗಟ್ಟಿ ಗಾರ್ಡನ್ ಫೋರ್ಕ್ ಸಾಕು. ಕಾಲಿನಿಂದ ತುಳಿದು 12 ಸೆಂಟಿಮೀಟರ್ ಇಳಿಸಿ, ಹಿಡಿಯನ್ನು ಹಿಂದಕ್ಕೆ ಸ್ವಲ್ಪವೇ ವಾಲಿಸಿ. ಹುಲ್ಲು ಎದ್ದು ಬರುವಷ್ಟಲ್ಲ, ಕೆಳಗೆ ಮಣ್ಣು ಬಿರುಕುಬಿಡುವ ಸಣ್ಣ ಸದ್ದು ಕೇಳುವಷ್ಟು. ಹೊರಗೆಳೆದು 10 ಸೆಂಟಿಮೀಟರ್ ಹಿಂದೆ ಸರಿದು ಮತ್ತೆ. ಯಾವಾಗಲೂ ಹಿಂದಕ್ಕೆ ಸರಿಯುತ್ತ ಹೋಗಬೇಕು, ಬಿಡಿಸಿದ ಜಾಗವನ್ನು ತುಳಿಯಬಾರದು. ನೂರು ಚದರ ಮೀಟರ್ ಲಾನಿಗೆ ಒಬ್ಬರಿಗೆ ಇಡೀ ದಿನದ ಕೆಲಸ ಇದು. ಮಾಲಿಗೆ ಹೇಳಿ ಮಾಡಿಸುವುದಾದರೆ ಒಂದು ದಿನದ ಕೂಲಿ ಪ್ರತ್ಯೇಕ ಕೊಟ್ಟು ಮಾಡಿಸಿ. ಮಾಮೂಲಿ ಒಂದು ಗಂಟೆಯ ಭೇಟಿಯಲ್ಲಿ ಮುಗಿಸು ಎಂದರೆ ಅಲ್ಲಲ್ಲಿ ನಾಲ್ಕು ಚುಚ್ಚು ಬೀಳುತ್ತವೆ, ಅಷ್ಟೇ.

ಅದೇ ದಿನ ತೂತುಗಳನ್ನು ತುಂಬಬೇಕು. ಜರಡಿ ಹಿಡಿದ ಹಳೆಯ ಕಾಂಪೋಸ್ಟ್ ಮತ್ತು ದಪ್ಪ ಮರಳು ಸಮಪಾಲು, ಚದರ ಮೀಟರಿಗೆ 3ರಿಂದ 5 ಲೀಟರ್. ಒಣಗಿರುವಾಗ ಚೆಲ್ಲಿ, ಗಟ್ಟಿ ಪೊರಕೆಯಿಂದ ಆಚೀಚೆ ತಳ್ಳಿದರೆ ಒಳಗಿಳಿಯುತ್ತದೆ. ಇಲ್ಲಿ ಎರಡು ತಪ್ಪುಗಳು ಬಹಳ ನಡೆಯುತ್ತವೆ. ಒಂದು, ಕಟ್ಟಡದ ಕೆಲಸದಿಂದ ಉಳಿದ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಸುರಿಯುವುದು. ಕಾಂಕ್ರೀಟಿಗೆ ಬೇಕಾದ ಎಂ-ಸ್ಯಾಂಡಿನಲ್ಲಿ ಕಲ್ಲಿನ ಧೂಳು ಸೇರಿರುತ್ತದೆ, ಕಣಗಳು ಮೂಲೆಮೂಲೆಯಾಗಿ ಒಂದಕ್ಕೊಂದು ಕಚ್ಚಿ ಕೂರುತ್ತವೆ. ಕೆಮ್ಮಣ್ಣಿನ ಜೇಡಿಯ ಜೊತೆ ಸೇರಿದರೆ ಗಾರೆಯೇ ಸರಿ. ಬೇರೆ ಗತಿ ಇಲ್ಲವೆಂದರೆ ತೊಳೆದು, ಒಂದು ಮಿಲಿಮೀಟರ್ ಜರಡಿಯ ಮೇಲೆ ನಿಂತದ್ದನ್ನು ಮಾತ್ರ ಬಳಸಿ. ಇನ್ನೊಂದು, ಕೆರೆಗೋಡು. ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವುದು ಹಳೆಯ ಪದ್ಧತಿ, ಮರಳು ಮಣ್ಣಿಗೆ ಅದು ಕೊಡುವ ತೇವಾಂಶದ ಬಲ ನಿಜ. ಹೊಸ ಪಾತಿ ಮಾಡುವಾಗ ಹತ್ತು ಪಾಲಿಗೆ ಒಂದು ಪಾಲು ಬೆರೆಸಿ ಅಗೆದರೆ ಒಳ್ಳೆಯದು. ಇದ್ದ ಲಾನಿನ ಮೇಲೆ ಹರಡಿದರೆ ಮಾತ್ರ ಅದೇ ಒಂದು ಹೆಪ್ಪಾಗಿ ನೀರನ್ನು ತಡೆಯುತ್ತದೆ. ನಗರದೊಳಗಿನ, ಕೊಳಚೆ ಮತ್ತು ಕಾರ್ಖಾನೆ ನೀರು ಸೇರಿದ ಕೆರೆಗಳ ಹೂಳನ್ನಂತೂ ಮುಟ್ಟಬೇಡಿ. ಭಾರಲೋಹಗಳು ಮಣ್ಣಿಗೆ ಬಂದರೆ ತೆಗೆಯುವ ದಾರಿ ಇಲ್ಲ.

ಮರಳಿನ ಬಗ್ಗೆ ಇನ್ನೊಂದು ಮಾತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುವುದನ್ನು ಟಿವಿಯಲ್ಲಿ ನೋಡಿ, ಮನೆಯ ಲಾನಿಗೂ ಮರಳು ಹಾಸಬೇಕು ಅನ್ನುವವರಿದ್ದಾರೆ. ಅಲ್ಲಿ ಮರಳಿನ ಹಾಸಿನ ಕೆಳಗೆ ಕೊಳವೆಗಳಿವೆ, 2017ರಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ನೀರು ಬೇಗ ಹೋಗಬೇಕು ಅನ್ನುವುದೇ ಅಲ್ಲಿನ ಉದ್ದೇಶ. ಮರಳು ಹಿಡಿಯದ ನೀರನ್ನೂ ಗೊಬ್ಬರವನ್ನೂ ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ ಕೊಡಲು ಆಳುಕಾಳಿದ್ದಾರೆ. ನಿಮ್ಮ ಉದ್ದೇಶ ಅದಕ್ಕೆ ಪೂರ್ತಿ ಉಲ್ಟಾ.

ಬಾಗಿಲು ತೆರೆದ ಮೇಲೆ ನೀರು ಬಿಡುವ ರೀತಿ ಬದಲಾಗಬೇಕು. ಸಾವಿರ ಚದರಡಿ, ಅಂದರೆ ಸುಮಾರು 93 ಚದರ ಮೀಟರ್ ಲಾನು ಇಟ್ಟುಕೊಳ್ಳಿ. ಪೈಪಿನಿಂದ 20 ಲೀಟರ್ ಬಕೆಟ್ ಒಂದು ನಿಮಿಷದಲ್ಲಿ ತುಂಬುತ್ತದೆ ಅಂದುಕೊಳ್ಳಿ. ದಿನಾ ಸಂಜೆ ಹತ್ತು ನಿಮಿಷ ಪೈಪು ಹಿಡಿದರೆ 200 ಲೀಟರ್ ಖರ್ಚು, ಮಣ್ಣಿಗೆ ಸಿಗುವುದು 2 ಮಿಲಿಮೀಟರ್. ಅದು ಒಣಜಡೆಯನ್ನು ನೆನೆಸಿ, ಮೇಲಿನ ಎರಡು ಸೆಂಟಿಮೀಟರ್ ಒದ್ದೆ ಮಾಡಿ ಮರುದಿನ ಮಧ್ಯಾಹ್ನಕ್ಕೆ ಆವಿ. ಬೇರು ನೀರು ಇರುವಲ್ಲೇ ಇರುತ್ತದೆ, ಹಾಗಾಗಿ ಮೇಲೇ ಉಳಿಯುತ್ತದೆ. ಅದರ ಬದಲು ಎರಡು ದಿನಕ್ಕೊಮ್ಮೆ 8 ಮಿಲಿಮೀಟರ್, ಸುಮಾರು 750 ಲೀಟರ್, ನಸುಕಿನಲ್ಲಿ ಕೊಡಿ. ಒಟ್ಟು ನೀರು ಹೆಚ್ಚಾಯಿತಲ್ಲ ಎಂದು ಕೇಳಬಹುದು. ಹೌದು, ಏಕೆಂದರೆ ಮೊದಲು ಕೊಡುತ್ತಿದ್ದದ್ದು ಹುಲ್ಲಿಗೆ ಸಾಲುತ್ತಿರಲಿಲ್ಲ. ಅಷ್ಟು ನೀರಿಲ್ಲದಿದ್ದರೆ ಲಾನಿನ ಅಳತೆ ಕಡಿಮೆ ಮಾಡುವುದು ಪ್ರಾಮಾಣಿಕ ದಾರಿ; ಇಡೀ ಲಾನನ್ನು ಅರೆಹೊಟ್ಟೆಯಲ್ಲಿ ಇಡುವುದಲ್ಲ. ಮಣ್ಣು ಒಮ್ಮೆಲೇ ಹೀರದಿದ್ದರೆ ಐದು ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಐದು ನಿಮಿಷ. ಬೇರು ಇಳಿಯುತ್ತಾ ಬಂದಂತೆ ಅಂತರವನ್ನು ಎರಡು ದಿನದಿಂದ ಮೂರಕ್ಕೆ, ನಾಲ್ಕಕ್ಕೆ ಹಿಗ್ಗಿಸಿ, ಅಂತರಕ್ಕೆ ತಕ್ಕಂತೆ ಪ್ರಮಾಣವನ್ನೂ ಏರಿಸಿ. ಯಾವಾಗ ಕೊಡಬೇಕು ಅನ್ನುವುದನ್ನು ಹುಲ್ಲೇ ಹೇಳುತ್ತದೆ: ಎಲೆ ಮಡಚಿಕೊಂಡು ಬಣ್ಣ ಬೂದುನೀಲಿಗೆ ತಿರುಗುತ್ತದೆ, ನಡೆದರೆ ಹೆಜ್ಜೆಗುರುತು ಅಳಿಸದೆ ಉಳಿಯುತ್ತದೆ.

ಕತ್ತರಿಸುವ ಎತ್ತರಕ್ಕೂ ಬೇರಿನ ಆಳಕ್ಕೂ ನೇರ ನಂಟು. ಗರಿಕೆ ಲಾನನ್ನು ಬೇಸಿಗೆಗೆ ಮುಂಚೆಯೇ 4 ಸೆಂಟಿಮೀಟರಿಗೆ ಏರಿಸಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಬೋಳಿಸಿದ ಲಾನು ಎಲೆಯನ್ನು ಮತ್ತೆ ಕಟ್ಟಿಕೊಳ್ಳಲು ಬೇರಿನ ಸಂಗ್ರಹವನ್ನೇ ತಿನ್ನುತ್ತದೆ.

ಈಗ ಸಾವಯವ ವಸ್ತು. ಇದರ ಬಗ್ಗೆ ಅತಿಶಯೋಕ್ತಿ ಬಹಳ. ಮಣ್ಣಿನ ಸಾವಯವ ಇಂಗಾಲ ಶೇ. 1ರಷ್ಟು ಏರಿದರೆ 10 ಸೆಂಟಿಮೀಟರ್ ಮಣ್ಣಿನಲ್ಲಿ ಸಸ್ಯಕ್ಕೆ ಸಿಗುವ ನೀರು ಹೆಚ್ಚುವುದು ಒಂದರಿಂದ ಎರಡು ಮಿಲಿಮೀಟರ್. ಅಷ್ಟು ಏರಿಸಲು ವರ್ಷಗಳೇ ಬೇಕು. ಹಾಗಿದ್ದರೂ ಅದು ಬೇಕೇ ಬೇಕು, ಏಕೆಂದರೆ ಅದರ ದೊಡ್ಡ ಕೆಲಸ ಬೇರೆ ಎರಡು: ಮಣ್ಣಿನ ಕಣಗಳನ್ನು ಹರಳುಹರಳಾಗಿ ಕಟ್ಟಿ ಹೆಪ್ಪುಗಟ್ಟದಂತೆ ತಡೆಯುವುದು, ಕೆಯೊಲಿನೈಟಿಗೆ ಆಗದ ಪೋಷಕಾಂಶದ ಹಿಡಿತ ಕೊಡುವುದು.

ಹೊಸ ಲಾನಾದರೆ ಇದು ಒಂದೇ ಅವಕಾಶ. 5 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಿ, 15ರಿಂದ 20 ಸೆಂಟಿಮೀಟರ್ ಆಳಕ್ಕೆ ಗುದ್ದಲಿಯಿಂದ ಬೆರೆಸಿ, ನೀರು ಹಾಯಿಸಿ ಹದಿನೈದು ದಿನ ಕೂರಲು ಬಿಟ್ಟು ಆಮೇಲೆ ಹುಲ್ಲು ಹಾಕಿ. ಇದ್ದ ಲಾನಿಗೆ ವರ್ಷಕ್ಕೊಮ್ಮೆ 3ರಿಂದ 5 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 3ರಿಂದ 5 ಲೀಟರ್ ಸಾಕು. ಎಲೆಯ ತುದಿ ಮೇಲೆ ಕಾಣುತ್ತಿರಬೇಕು. ಅದಕ್ಕಿಂತ ಹೆಚ್ಚು ಹಾಕುವುದರಲ್ಲಿ ಒಂದು ಅಪಾಯವಿದೆ: ಕಾಂಪೋಸ್ಟಿನಲ್ಲಿ ಸಾರಜನಕಕ್ಕೆ ಹೋಲಿಸಿದರೆ ರಂಜಕ ಜಾಸ್ತಿ. 5 ಲೀಟರಿನಲ್ಲೇ ಐದಾರು ಗ್ರಾಂ ರಂಜಕ ಬರಬಹುದು, ಹುಲ್ಲಿಗೆ ವರ್ಷಕ್ಕೆ ಬೇಕಾದದ್ದು ಒಂದೆರಡು ಗ್ರಾಂ. ಕೆಮ್ಮಣ್ಣಿನ ಕಬ್ಬಿಣ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಕೆಳಗೆ ಸೋರುವುದು ಕಡಿಮೆ. ಆದರೆ ಮಳೆಯಲ್ಲಿ ಕೊಚ್ಚಿದ ಮಣ್ಣಿನ ಜೊತೆ ಚರಂಡಿಗೆ, ಅಲ್ಲಿಂದ ಕೆರೆಗೆ. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ರಂಜಕ ತುಂಬಿದ್ದು ಮುಖ್ಯವಾಗಿ ಕೊಳಚೆಯಿಂದ; ನಮ್ಮ ತೋಟದಿಂದ ಅದಕ್ಕೆ ಇನ್ನಷ್ಟು ಸೇರಿಸಬೇಕಿಲ್ಲ.

ಕಾಂಪೋಸ್ಟ್ ಮಾಗಿದೆಯೇ ಎಂದು ನೋಡಲು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ. ತೆರೆದಾಗ ಹುಳಿ ಅಥವಾ ಅಮೋನಿಯಾ ವಾಸನೆ ಬಂದರೆ ಇನ್ನೂ ಬೇಯುತ್ತಿದೆ. ಅದರಲ್ಲಿ ಒಂದು ಚಿಟಿಕೆ ರಾಗಿ ಬಿತ್ತಿ. ಮೊಳಕೆ ಸುಟ್ಟಂತಾದರೆ ಉಪ್ಪು ಹೆಚ್ಚು. ನಗರ ಕಸದ ಕಾಂಪೋಸ್ಟ್ ಕೊಂಡರೆ 4 ಮಿಲಿಮೀಟರ್ ಜರಡಿ ಹಿಡಿಯದೆ ಹಾಕಬೇಡಿ, ಗಾಜಿನ ಚೂರು ಬರಿಗಾಲಿನ ಮಕ್ಕಳಿಗೆ ಅಪಾಯ.

ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ತಿಪಟೂರು, ಅರಸೀಕೆರೆ ಸೀಮೆಯ ತೆಂಗಿನ ನಾಡಿಗೆ ಹತ್ತಿರವಿರುವ ನಮಗೆ ಸುಲಭವಾಗಿ ಸಿಗುತ್ತದೆ, ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ತೊಳೆಯದ ಪೀಟಿನಲ್ಲಿ ಪೊಟ್ಯಾಶ್ ಮತ್ತು ಸೋಡಿಯಂ ಉಪ್ಪು ತುಂಬಿರುತ್ತದೆ. ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 100ಕ್ಕೆ 1, ಹಾಗಾಗಿ ಹಸಿಯಾಗಿ ಬೆರೆಸಿದರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಂಡು ಹುಲ್ಲು ಹಳದಿಯಾಗುತ್ತದೆ. 5 ಕೆಜಿಯ ಪೀಟಿನ ಇಟ್ಟಿಗೆಯನ್ನು ನೆನೆಸಿ ಉಬ್ಬಿಸಿ, ಎರಡು ಸಲ ನೀರು ಬಸಿದು, ಕಾಂಪೋಸ್ಟಿನೊಂದಿಗೆ ತಿಂಗಳು ಕೊಳೆಸಿ ಬಳಸಿ. ಲಾನಿನ ಮೇಲೆ ಬರೀ ಪೀಟು ಚೆಲ್ಲುವುದರಿಂದ ಪ್ರಯೋಜನವಿಲ್ಲ. ಒಣಗಿದಾಗ ಹಾರುತ್ತದೆ, ಒದ್ದೆಯಾದಾಗ ತಾನೇ ನೀರು ಹಿಡಿದುಕೊಂಡು ಕೆಳಗೆ ಬಿಡುವುದಿಲ್ಲ.

ಇದ್ದಿಲು ಪುಡಿ ನಮ್ಮ ಮಣ್ಣಿಗೆ ಒಪ್ಪುವ ವಸ್ತು, ಬೇಗ ಕೊಳೆಯದೆ ಉಳಿಯುತ್ತದೆ. ಬೂದಿ ಬೇಡ, ಇದ್ದಿಲು ಮಾತ್ರ. 2ರಿಂದ 5 ಮಿಲಿಮೀಟರ್ ಚೂರು ಮಾಡಿ, ಸಗಣಿ ಬಗ್ಗಡದಲ್ಲೋ ಕಾಂಪೋಸ್ಟಿನಲ್ಲೋ ಮೂರ್ನಾಲ್ಕು ವಾರ ನೆನೆಯಲು ಬಿಟ್ಟು ಆಮೇಲೆ ಹಾಕಬೇಕು. ಹಸಿಯಾಗಿ ಹಾಕಿದರೆ ಮೊದಲ ಕೆಲವು ತಿಂಗಳು ಅದು ಗೊಬ್ಬರವನ್ನು ತಾನೇ ಹೀರಿಕೊಳ್ಳುತ್ತದೆ. ಹೊಸ ಪಾತಿಗೆ ಗಾತ್ರದ ಶೇ. 5, ಅಂದರೆ 15 ಸೆಂಟಿಮೀಟರ್ ಆಳಕ್ಕೆ ಚದರ ಮೀಟರಿಗೆ ಏಳೂವರೆ ಲೀಟರ್. ಇದ್ದ ಲಾನಿಗೆ ತೂತು ತುಂಬುವ ಮಿಶ್ರಣದಲ್ಲಿ ಐದನೇ ಒಂದು ಪಾಲು.

ನೀರು ಹೀರಿ ಉಬ್ಬುವ ಹೈಡ್ರೋಜೆಲ್ ಕೇಳುವವರು ಹೆಚ್ಚು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಶುದ್ಧ ನೀರನ್ನು ತನ್ನ ತೂಕದ 350 ಪಟ್ಟು ಹೀರುತ್ತದೆ, ಒಳ್ಳೆಯ ಉತ್ಪನ್ನ. ಆದರೆ ಹೊಲಕ್ಕೆ ಹೇಳುವ ಪ್ರಮಾಣ ಹೆಕ್ಟೇರಿಗೆ ಎರಡೂವರೆಯಿಂದ ಐದು ಕೆಜಿ. ಅದೇ ಪ್ರಮಾಣ ಲಾನಿಗೆ ಹರಡಿದರೆ ಚದರ ಮೀಟರಿಗೆ ಅರ್ಧ ಗ್ರಾಂ, ಹಿಡಿಯುವ ನೀರು 175 ಮಿಲಿಲೀಟರ್, ಅಂದರೆ 0.2 ಮಿಲಿಮೀಟರ್ ಕೂಡ ಇಲ್ಲ. ಸಾಲಿನಲ್ಲಿ, ಬೀಜದ ಪಕ್ಕ ಹಾಕುವ ಬೆಳೆಗೆ ಅದು ಕೆಲಸ ಮಾಡುತ್ತದೆ. ಲಾನಿನ ಮೇಲೆ ಎರಚಿದರೆ ಮಳೆಗೆ ಲೋಳೆಯಾಗಿ ಕಾಲಿಗೆ ಅಂಟುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಂತೂ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದನ್ನು ಬಿಗಿದು, ಹೀರುವ ಶಕ್ತಿ ಬಹಳ ಕುಸಿಯುತ್ತದೆ. ಕುಂಡಗಳಿಗೆ ಇಟ್ಟುಕೊಳ್ಳಿ.

ಗೊಬ್ಬರ ಸೋರುವುದು ಮುಖ್ಯವಾಗಿ ಸಾರಜನಕದಲ್ಲಿ. ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಮೊದಲು ಅಮೋನಿಯಂ ಆಗುತ್ತದೆ. ಅದಕ್ಕೆ ಧನ ವಿದ್ಯುದಂಶ ಇರುವುದರಿಂದ ಮಣ್ಣಿನ ಕಣ ಹಿಡಿದುಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿಗೆ ಋಣ ವಿದ್ಯುದಂಶ, ಅದನ್ನು ಹಿಡಿಯುವವರಿಲ್ಲ. ಒಂದೇ ಸಂಜೆ 40 ಮಿಲಿಮೀಟರ್ ಮಳೆ ಬಂದು ಪೂರ್ತಿ ಇಂಗಿದರೆ ಅದು ಬೇರಿನ ಕೆಳಗೆ ಹೋಗಿಬಿಡುತ್ತದೆ, ಕೊನೆಗೆ ಅಂತರ್ಜಲಕ್ಕೆ. ಬೇವು ಲೇಪಿತ ಯೂರಿಯಾ ಈ ಪರಿವರ್ತನೆಯನ್ನು ನಿಧಾನಿಸುತ್ತದೆ; 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯ. ಆದರೂ ಒಂದೇ ಸಲ ಸುರಿಯಬಾರದು. ಒಂದು ಕಂತಿಗೆ ಚದರ ಮೀಟರಿಗೆ ಎರಡೂವರೆ ಗ್ರಾಂ ಸಾರಜನಕ, ಅಂದರೆ ಸುಮಾರು ಐದೂವರೆ ಗ್ರಾಂ ಯೂರಿಯಾ. ನೂರು ಚದರ ಮೀಟರಿಗೆ 550 ಗ್ರಾಂ. ಒಣ ಮರಳಿನಲ್ಲಿ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ, ಕೂಡಲೇ 5 ಮಿಲಿಮೀಟರ್ ನೀರು ಕೊಡಿ. ಹಾಗೇ ಬಿಟ್ಟರೆ ಬಿಸಿಲಿಗೆ ಅಮೋನಿಯಾ ಆಗಿ ಹಾರುತ್ತದೆ. ಕಪ್ಪು ಮೋಡ ಕವಿದ ದಿನ ಹಾಕಬೇಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇಲ್ಲಿ ವರ್ಷದ ಜೋರು ಮಳೆ. ಉತ್ತರೆ, ಹಸ್ತ, ಚಿತ್ತಾ ಮಳೆಗಳ ಹೊತ್ತಿನಲ್ಲಿ ಯೂರಿಯಾ ನಿಲ್ಲಿಸಿ, ಹಿಂಡಿಗೆ ಹೊರಳಿ. ಬೇವಿನ ಹಿಂಡಿಯಲ್ಲಿ ಸುಮಾರು ಶೇ. 5 ಸಾರಜನಕ, ಹೊಂಗೆ ಹಿಂಡಿಯಲ್ಲಿ ಶೇ. 4. ಚದರ ಮೀಟರಿಗೆ 50 ಗ್ರಾಂ ಬೇವಿನ ಹಿಂಡಿ ಅಷ್ಟೇ ಸಾರಜನಕವನ್ನು ತಿಂಗಳುಗಳ ಮೇಲೆ ಹರಡಿ ಕೊಡುತ್ತದೆ.

ಕತ್ತರಿಸಿದ ಹುಲ್ಲನ್ನು ಚೀಲ ತುಂಬಿ ಕಸದ ಗಾಡಿಗೆ ಕೊಡುವುದು ನಿಲ್ಲಬೇಕು. ಒಣತೂಕದ ಶೇ. 3ರಿಂದ 4 ಸಾರಜನಕ ಅದರಲ್ಲೇ ಇದೆ. ಸಣ್ಣಗೆ ಕತ್ತರಿಸಿ ಅಲ್ಲೇ ಬಿಟ್ಟರೆ ವರ್ಷದ ಅಗತ್ಯದ ಕಾಲು ಭಾಗ ಬಿಟ್ಟಿಯಾಗಿ ಸಿಗುತ್ತದೆ. ಅದರಿಂದ ಜಡೆ ಕಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ. ಜಡೆ ಕಟ್ಟುವುದು ಗಟ್ಟಿ ಕಾಂಡ ಮತ್ತು ಬೇರಿನಿಂದ, ಅತಿಯಾದ ಯೂರಿಯಾದಿಂದ.

ಅಪಾರ್ಟ್‌ಮೆಂಟುಗಳ ಕಥೆ ಬೇರೆ. ಅಲ್ಲಿ ಲಾನಿಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕದ) ನೀರು, ಅದು ಸರಿಯಾದ ಆಯ್ಕೆಯೇ. ಆ ನೀರಿನಲ್ಲಿ ಸಾರಜನಕವೂ ಇರುತ್ತದೆ. ಲೀಟರಿಗೆ 10 ಮಿಲಿಗ್ರಾಂ ಇದ್ದರೆ, ದಿನಕ್ಕೆ 4 ಮಿಲಿಮೀಟರಿನಂತೆ ತಿಂಗಳಿಗೆ ಚದರ ಮೀಟರಿಗೆ 1.2 ಗ್ರಾಂ ಸಾರಜನಕ, ಯೂರಿಯಾದಿಂದ ಕೊಡುವ ಸಾರಜನಕವನ್ನು ಅಷ್ಟು ಕಡಿಮೆ ಮಾಡಿ. ತೊಂದರೆ ಇರುವುದು ಸೋಡಿಯಂನಲ್ಲಿ. ಟ್ಯಾಂಕರ್, ಬೋರ್‌ವೆಲ್ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದರೆ, ಸಾಫ್ಟನರ್ ಅದನ್ನು ತೆಗೆದು ಬದಲಿಗೆ 230 ಮಿಲಿಗ್ರಾಂ ಸೋಡಿಯಂ ಬಿಡುತ್ತದೆ. ಸಾಫ್ಟನರ್ ತೊಳೆದ ಉಪ್ಪುನೀರೂ ಎಸ್‌ಟಿಪಿಗೇ ಹೋದರೆ ಇನ್ನೂ ಹೆಚ್ಚು. ಎಸ್‌ಟಿಪಿ ಕೊಳೆ ತೆಗೆಯುತ್ತದೆ, ಉಪ್ಪನ್ನಲ್ಲ. ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಮಾಡಿ ರಂಧ್ರಗಳನ್ನು ಮುಚ್ಚುತ್ತದೆ. ಒಣ ಹೆಂಟೆಯೊಂದನ್ನು ಮಳೆನೀರು ಅಥವಾ ಆರ್‌ಒ ನೀರಿನ ಲೋಟದಲ್ಲಿ ಅಲುಗಾಡಿಸದೆ ಬಿಡಿ. ಕೆಲವು ಗಂಟೆಗಳಲ್ಲಿ ಸುತ್ತ ಹಾಲಿನಂತೆ ಮಬ್ಬು ಹರಡಿದರೆ ಸೋಡಿಯಂ ಕೆಲಸ ಮಾಡುತ್ತಿದೆ. ಆಗ ಮೇ ತಿಂಗಳಲ್ಲಿ ಚದರ ಮೀಟರಿಗೆ 200 ಗ್ರಾಂ ಕೃಷಿ ಜಿಪ್ಸಂ ಹರಡಿ, ಫೋರ್ಕ್ ಹಾಕಿ, ಮಳೆಗೆ ಬಿಡಿ. ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಮಳೆ ಅದನ್ನು ತೊಳೆದು ಇಳಿಸುತ್ತದೆ. ಮಬ್ಬು ಬಾರದಿದ್ದರೆ ಜಿಪ್ಸಂ ದಂಡ. ಬರೀ ತುಳಿದು ಗಟ್ಟಿಯಾದ ಮಣ್ಣನ್ನು ಅದು ಸಡಿಲಿಸುವುದಿಲ್ಲ. ಅಸೋಸಿಯೇಷನ್ ಸಭೆಯಲ್ಲಿ ಕೇಳಬೇಕಾದದ್ದು ಸಾಫ್ಟನರಿನ ಉಪ್ಪುನೀರು ಎಸ್‌ಟಿಪಿಗೆ ಸೇರದಂತೆ ಬೇರೆ ಮಾಡಲು ಸಾಧ್ಯವೇ ಅನ್ನುವುದು. ಮಣ್ಣು ಪರೀಕ್ಷೆಗೆ ಕೊಡುವಾಗ 10 ಸೆಂಟಿಮೀಟರ್ ಆಳದವರೆಗೆ ಎಂಟು ಹತ್ತು ಕಡೆ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ಪಿಎಚ್, ಇಸಿ (ಉಪ್ಪಿನ ಅಳತೆ), ಸಾವಯವ ಇಂಗಾಲದ ಜೊತೆ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಕೇಳಿ.

ಪೋಡಿಯಂ ಮೇಲಿನ, ಅಂದರೆ ಪಾರ್ಕಿಂಗ್ ಛಾವಣಿಯ ಮೇಲಿನ ಲಾನಿನಲ್ಲಿ ಆಳಕ್ಕೆ ಮಿತಿ ಇದೆ. ಕೆಳಗೆ ನೀರು ಬಸಿಯಲು ಡ್ರೈನ್ ಸೆಲ್, ಮಣ್ಣು ತಡೆಯುವ ಬಟ್ಟೆ ಅಂದರೆ ಜಿಯೋಟೆಕ್ಸ್‌ಟೈಲ್, ಅದರ ಮೇಲೆ 30 ಸೆಂಟಿಮೀಟರ್ ಮಣ್ಣು. ಬರೀ ಕೊಕೊಪೀಟ್ ಮತ್ತು ಗೊಬ್ಬರ ತುಂಬಿದರೆ ಎರಡು ಮೂರು ವರ್ಷದಲ್ಲಿ ಕುಗ್ಗಿ, ತಳದಲ್ಲಿ ನೀರು ನಿಂತು ಹುಳಿಯುತ್ತದೆ. ಅರ್ಧ ಜರಡಿ ಹಿಡಿದ ಕೆಮ್ಮಣ್ಣು, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ದಪ್ಪ ಮರಳು, ಉಳಿದದ್ದು ಕಾಂಪೋಸ್ಟ್ ಮತ್ತು ಕೊಳೆಸಿದ ಪೀಟು ಇರಲಿ. ಕುಗ್ಗಿದೆ ಎಂದು ಮೇಲೆ ಮತ್ತೆ ಮಣ್ಣು ಹೇರುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ; 30 ಸೆಂಟಿಮೀಟರ್ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 500 ಕೆಜಿ ತೂಗುತ್ತದೆ.

ಇನ್ನು ಮಳೆಮರ, ಹೊಂಗೆ, ಮಾವಿನ ಕೆಳಗಿನ ಜಾಗ. ಅಲ್ಲಿ ಹುಲ್ಲಿಗೆ ಬೆಳಕೂ ಇಲ್ಲ, ನೀರೂ ಇಲ್ಲ. ಮರದ ಬೇರು ಅದೇ ಮೇಲ್ಪದರದಲ್ಲಿ ಕುಡಿಯುತ್ತಿರುತ್ತದೆ. ವರ್ಷವರ್ಷ ಹೊಸ ಚಾಪೆ ತಂದು ಹಾಸುವುದನ್ನು ಬಿಟ್ಟು, ಉದುರಿದ ಎಲೆಯನ್ನೇ 5ರಿಂದ 7 ಸೆಂಟಿಮೀಟರ್ ದಪ್ಪ ಹರಡಿ, ಕಾಂಡದಿಂದ 15 ಸೆಂಟಿಮೀಟರ್ ದೂರ ಬಿಡಿ. ಗಾಳಿಗೆ ಹಾರದಂತೆ ಮೊದಲ ಸಲ ನೀರು ಚಿಮುಕಿಸಿ, ಮೇಲೆ ಒಂದು ಬಾಂಡ್ಲಿ ಕಾಂಪೋಸ್ಟ್ ಎರಚಿದರೆ ಕೂರುತ್ತದೆ. ಗಾಳಿಕಾಲ ಬರುವ ಮುನ್ನ ಮೇ ಕೊನೆಯಲ್ಲಿ ಒಮ್ಮೆ, ಮಳೆ ಮುಗಿದು ಸ್ವಾತಿ ಕಳೆದ ಮೇಲೆ ಇನ್ನೊಮ್ಮೆ ಸೇರಿಸುತ್ತಿದ್ದರೆ ಸಾಕು.